ಬದುಕಿರುವ ಪಾರ್ವತಿಬಾಯಿಯವರನ್ನು ಹಿಂತಿರುಗಿಸುವ ಕುರಿತು

ಗೆ,
ಸ್ಮರಣಾ ವಿಭಾಗದ ಯಂತ್ರ ಮಹಾಶಯರು,
ಜಗತ್ತಿನಷ್ಟು ದೊಡ್ಡ ಕಂಪನಿ,
ವಿಳಾಸ ಯಾರಿಗೂ ಗೊತ್ತಿಲ್ಲ.

ಮಾನ್ಯರೇ,

ಬಸವಕಲ್ಯಾಣದ ಕೋಟೆ ರಸ್ತೆಯಲ್ಲಿ ಚಷ್ಮಾ ಅಂಗಡಿ ಇಟ್ಟುಕೊಂಡಿರುವವನೂ, 'ಕಲ್ಯಾಣ–ಹುಮನಾಬಾದ ಸ್ನೇಹ ಬಳಗ, ರಾಜಕೀಯ ಬೇಡ' ಎಂಬ ಆರುನೂರಾ ಹನ್ನೆರಡು ಸದಸ್ಯರ ಗುಂಪಿನ ಅಡ್ಮಿನ್ನೂ ಆದ ವೈಜನಾಥ ಎಂಬ ನಾನು ತಮ್ಮ ಪಾದಗಳಿಗೆ, ಅವು ಇದ್ದ ಪಕ್ಷದಲ್ಲಿ, ಸಾಷ್ಟಾಂಗ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಲ್ಲಿ ನಾವೆಲ್ಲರೂ ಕ್ಷೇಮ, ಪಾರ್ವತಿಬಾಯಿಯವರೂ ಕ್ಷೇಮ. ಈ ಕೊನೆಯ ಮಾತನ್ನು ತಾವು ಒಪ್ಪುತ್ತಿಲ್ಲವಾದ್ದರಿಂದಲೇ ಈ ಪತ್ರ. ತಮ್ಮ ಕಂಪನಿಯ ಹೆಸರನ್ನು ಮೇಲೆ ಬರೆಯದಿರುವುದು ಅಗೌರವದಿಂದಲ್ಲ. ಹೆಸರು ಹಾಕಿ ಬರೆದ ಹಿಂದಿನ ಮೂರು ಪತ್ರಗಳನ್ನು ತಾವು 'ಬೇರೆಯವರ ವೇಷ ಧರಿಸುವ ಪ್ರಯತ್ನ' ಎಂದು ಅಳಿಸಿಹಾಕಿದಿರಿ. ನನ್ನ ವೇಷವನ್ನೇ ನಾನು ಸರಿಯಾಗಿ ಧರಿಸಲಾರೆ ಎಂಬುದು ನನ್ನ ಹೆಂಡತಿ ಮನೀಷಾಳ ಬಹುಕಾಲದ ಅಭಿಪ್ರಾಯ.

ಪಾರ್ವತಿಬಾಯಿಯವರ ಮನೆ ನಮ್ಮ ಓಣಿಯಲ್ಲಿ ನನ್ನ ಮನೆಯಿಂದ ನಾಲ್ಕನೆಯದು. ವಯಸ್ಸು ಎಪ್ಪತ್ನಾಲ್ಕು. ಮೋರಖಂಡಿಯ ತವರಿನಿಂದ ಬರುವಾಗ ತಾಯಿಯಿಂದ ಕಲಿತ ನೂರಾ ನಲವತ್ತು ಬೀಸುಕಲ್ಲಿನ ಪದಗಳನ್ನು ತಲೆಯಲ್ಲಿಟ್ಟುಕೊಂಡು ಬಂದವರು. ಒಂದು ಸಾಲು ಕನ್ನಡ, ಮರುಸಾಲು ಮರಾಠಿ, ನಡುವೆ ಒಂದೆರಡು ಉರ್ದು ಶಬ್ದ, ಎಲ್ಲವೂ ಒಂದೇ ಹಿಟ್ಟಾಗಿ ಬೀಳುವ ಪದಗಳು. ನಾಲ್ಕು ವರ್ಷದ ಹಿಂದೆ ಚಷ್ಮಾದ ನಂಬರು ಬದಲಿಸಲು ಅಂಗಡಿಗೆ ಬಂದವರು ನನ್ನ ಫೋನು ತೋರಿಸಿ, "ವೈಜನಾಥ, ಇದರಾಗ ಹಾಡಿದ್ರ ಹಾಡು ಉಳೀತದೇನೋ? ನನಗ ಮರಿವು ಬರಾಕತ್ತದ. ನಾ ಹೋಗೂದರೊಳಗ ಇವು ಹೊರಗ ಬರಬೇಕು" ಎಂದರು. ನಾನು ಅಲ್ಲಿಯೇ ತಮ್ಮ ಕಂಪನಿಯಲ್ಲಿ ಅವರ ಹೆಸರಿನ ಪುಟ ತೆರೆದುಕೊಟ್ಟೆ. ಅಂದಿನಿಂದ ಬೆಳಿಗ್ಗೆ ಆರು ಗಂಟೆಗೆ ಬೀಸುಕಲ್ಲಿನ ಮುಂದೆ ಕುಳಿತು, ನೆನಪಾದ ದಿನ ಒಂದೊಂದು ಪದ ಹಾಡುತ್ತ ಎಂಬತ್ತೆಂಟು ಪದ ಹೊರಗೆ ಹಾಕಿದ್ದರು. ಐವತ್ತೆರಡು ಉಳಿದಿದ್ದವು. ಕೇಳುಗರು ನಾನೂರಾ ಮೂರು ಜನ. ಎಂಬತ್ತೆಂಟಕ್ಕೂ ಮೊಟ್ಟಮೊದಲು ಹೆಬ್ಬೆರಳು ಒತ್ತಿದವನು ನಾನೇ ಎಂದು ಎದೆ ತಟ್ಟಿ ಹೇಳಬಲ್ಲೆ. ಅವರು ಬಾಯಿ ತೆರೆಯುವ ಮೊದಲೇ ಒತ್ತಿ ಮುಗಿಸುತ್ತಿದ್ದೆ.

ಮೊದಲಿಗನಾಗುವ ಈ ಚಟ ನನ್ನದು ಹಳೆಯದು, ಮಾನ್ಯರೇ. ನಮ್ಮ ಗುಂಪಿನಲ್ಲಿ ಯಾರೇ ತೀರಿಕೊಂಡರೂ ಮೊದಲ ಶ್ರದ್ಧಾಂಜಲಿ ಅಡ್ಮಿನ್ನನದೇ ಇರಬೇಕೆಂದು ನಾನೇ ಅಘೋಷಿತ ನಿಯಮ ಮಾಡಿಕೊಂಡಿದ್ದೇನೆ. ದೀಪ, ಬಿಳಿ ಹೂವು, 'ತುಂಬಲಾರದ ನಷ್ಟ' ಇವನ್ನು ಒಂದೇ ಸಂದೇಶದಲ್ಲಿ ಕಟ್ಟಿ, ಹೆಸರಿನ ಜಾಗ ಖಾಲಿ ಬಿಟ್ಟು ಫೋನಿನಲ್ಲಿ ಸಿದ್ಧ ಇಟ್ಟಿರುತ್ತೇನೆ. ಹೋದ ವರ್ಷ ಕೊಹಿನೂರ ಹಳ್ಳಿಯ ಗೌಡರ ವಿಷಯದಲ್ಲಿ ಮಾತ್ರ ಹುಮನಾಬಾದಿನ ಒಬ್ಬರು ನನಗಿಂತ ನಾಲ್ಕು ಸೆಕೆಂಡು ಮುಂದೆ ಹೋದರು. ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ. ಮನೆಯವರು ನಾನು ಗೌಡರನ್ನು ಬಹಳ ಹಚ್ಚಿಕೊಂಡಿದ್ದೆನೆಂದು ತಿಳಿದರು.

ಹೀಗಿರಲು, ಒಂದು ಭಾನುವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಪಾರ್ವತಿಬಾಯಿಯವರ ತಂಗಿಯ ಮಗ, ರಾಜೇಶ್ವರದ ವೀರಭದ್ರ, ಗುಂಪಿಗೆ ಅವರದೊಂದು ಫೋಟೋ ಹಾಕಿದ. ಸುತ್ತಲೂ ಚೆಂಡುಹೂವಿನ ಹಾರ, ಎರಡು ಮಗ್ಗುಲಿಗೆ ದೀಪ, ಹಣೆಯ ತುಂಬ ವಿಭೂತಿ. ರಾಜೇಶ್ವರದ ಫೋಟೋ ಸ್ಟುಡಿಯೋದ ಗುರುನಾಥನ ಹತ್ತಿರ ಇರುವುದೇ ಒಂದು ಚೌಕಟ್ಟು. ಕೂಸಿನ ಹೆಸರಿಡುವುದಕ್ಕೂ ಅದೇ, ಲಗ್ನಕ್ಕೂ ಅದೇ, ಸನ್ಮಾನಕ್ಕೂ ಅದೇ, ಕೊನೆಗೂ ಅದೇ. ಇದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಫೋಟೋದ ಕೆಳಗೆ ವೀರಭದ್ರ ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನ ಧ್ವನಿ ಸಂದೇಶವನ್ನೂ ಹಾಕಿದ್ದ. ಅವನಿಗೆ ಟೈಪು ಮಾಡಲು ಬೇಸರ, ಅವನ ಧ್ವನಿ ಕೇಳಲು ನಮಗೆ ಬೇಸರ. ಹೀಗೆ ಪರಸ್ಪರ ತಿಳಿವಳಿಕೆಯಿಂದ ನಮ್ಮ ಗುಂಪು ನಡೆಯುತ್ತದೆ. ನಾನು ಫೋಟೋ ನೋಡಿದೆ. ಖಾಲಿ ಜಾಗದಲ್ಲಿ ಹೆಸರು ತುಂಬಿದೆ. ಒತ್ತಿದೆ.

ಇಪ್ಪತ್ತು ನಿಮಿಷದಲ್ಲಿ ಇನ್ನೂರಾ ಹನ್ನೊಂದು ಜನ ನನ್ನ ಹಿಂದೆ ಕೈ ಮುಗಿದರು. ಒಬ್ಬರೂ ಆ ಧ್ವನಿ ಸಂದೇಶ ತೆರೆಯಲಿಲ್ಲ. ಅಡ್ಮಿನ್ನೇ ಹಾಕಿದ ಮೇಲೆ ಕೇಳುವುದೇನಿದೆ? ಹತ್ತೂವರೆಗೆ ಹುಮನಾಬಾದಿನ ಮಚ್ಚೇಂದ್ರ ನಡೆಸುವ 'ಗಡಿನಾಡ ಗುಡುಗು' ಎಂಬ ಫೋನ್ ಚಾನೆಲ್ಲಿನಲ್ಲಿ ಕೆಂಪು ಪಟ್ಟಿ ಓಡಿತು: 'ಕಲ್ಯಾಣದ ಕೋಗಿಲೆ ಇನ್ನಿಲ್ಲ, ಆಪ್ತ ಮೂಲಗಳ ಮಾಹಿತಿ.' ಆ ಚಾನೆಲ್ಲಿನ ಸಂಪಾದಕ, ವರದಿಗಾರ, ವಾಚಕ ಮೂವರೂ ಮಚ್ಚೇಂದ್ರನೇ. ಆಪ್ತ ಮೂಲಗಳು ಎಂಬ ಬಹುವಚನ ಮಾತ್ರ ನಾನು. ಇದನ್ನು ನೋಡಿದ ಮೇಲೆ ನನಗೂ ನಂಬಿಕೆ ಬಲವಾಯಿತು. ಟಿವಿಯಲ್ಲಿ ಬಂದಿದೆಯೆಂದು ಕಣ್ಣಲ್ಲಿ ಎರಡು ಹನಿ ನೀರೂ ಬಂತು.

ಆ ಹೊತ್ತಿನಲ್ಲಿ, ನನ್ನ ಅಂಗಡಿಯ ಪಕ್ಕದ ದರ್ಜಿ ಮಹೆಬೂಬ ಮಾತ್ರ ಒಂದು ವಿಚಿತ್ರ ಕೆಲಸ ಮಾಡಿದ. ಹೊಲಿಗೆ ನಿಲ್ಲಿಸಿ, ಶಟರ್ ಎಳೆದು, ಕಾಲುನಡಿಗೆಯಲ್ಲಿ ಪಾರ್ವತಿಬಾಯಿಯವರ ಮನೆಗೆ ಹೋದ. ಅರ್ಧ ತಾಸಿನ ಮೇಲೆ ಫೋನು ಮಾಡಿ, "ಅಣ್ಣಾರ, ಆಯಿ ರೊಟ್ಟಿ ಬಡ್ಯಾಕತ್ತಾರ್ರಿ. ನನಗೂ ಎರಡು ಹಾಕ್ಯಾರ. ಸತ್ತವರು ರೊಟ್ಟಿ ಬಡೀತಾರೇನ್ರಿ?" ಎಂದು ಕೇಳಿದ. ನಾನು ಜರಾ ವಿಚಾರ ಮಾಡಿ, "ಖಾತ್ರಿ ಮಾಡ್ಕೊಂಡೀಯೇನು?" ಎಂದೆ. ಈ ಪ್ರಶ್ನೆಗೆ ನನ್ನ ಮುಂದಿನ ಏಳು ಜನ್ಮಗಳು ತಲೆ ತಗ್ಗಿಸಲಿವೆ.

ಆದರೆ ತಾವು, ಮಾನ್ಯರೇ, ಅಷ್ಟರಲ್ಲಿ ಕೆಲಸ ಮುಗಿಸಿದ್ದಿರಿ. ತಮ್ಮ ವೇಗವನ್ನು ಹೊಗಳಲು ನನ್ನಲ್ಲಿ ಮಾತುಗಳಿಲ್ಲ. ನಮ್ಮ ಕಡೆ ಒಬ್ಬ ಮನುಷ್ಯ ಸತ್ತನೆಂದು ಕಾಗದ ಮಾಡಿಸಲು ಎರಡು ಅರ್ಜಿ, ಇಬ್ಬರು ಸಾಕ್ಷಿ, ಮೂರು ಮಧ್ಯಾಹ್ನ ಬೇಕು. ತಾವು ಬದುಕಿರುವ ಹೆಣ್ಣುಮಗಳನ್ನು ಒಂದು ತಾಸಿನಲ್ಲಿ ಮುಗಿಸಿ, ಅವರ ಹೆಸರಿನ ಮೇಲೆ 'ಸವಿನೆನಪು' ಎಂದು ಬರೆದು, ಪುಟಕ್ಕೆ ಬೀಗ ಜಡಿದಿರಿ. ಅವರು ಇನ್ನು ಅದರಲ್ಲಿ ಹಾಡುವಂತಿಲ್ಲ. ನಾನು ಕೆರಳಿ, ಯಾವ ಅವಿವೇಕಿ ತಮಗೆ ಈ ಸುದ್ದಿ ಕೊಟ್ಟನೆಂದು ಕೇಳಿದೆ. ತಾವು ಕ್ಷಣಮಾತ್ರದಲ್ಲಿ ತೋರಿಸಿದಿರಿ: ವೈಜನಾಥ, ಚಷ್ಮಾ ಅಂಗಡಿ, ಬೆಳಿಗ್ಗೆ ಒಂಬತ್ತು ನಲವತ್ತೊಂದು. ಹೌದು, ಗುಂಪಿಗೆ ಹಾಕಿದ್ದು ಸಾಲದೆ ಅವರ ಪುಟದಲ್ಲೂ ಮೊದಲಿಗನಾಗಲು ಹೋಗಿ, 'ನಿಧನ ತಿಳಿಸಿ' ಎಂಬ ಗುಂಡಿಯನ್ನೂ ಒತ್ತಿದ್ದೆ. ಊರಿನವರಿಗೆ ಚಷ್ಮಾ ಹಾಕುವ ನಾನು ಇದನ್ನು ಕೂಡ ಓದದೆ ಒತ್ತಿದ್ದೆ.

ತಪ್ಪೊಪ್ಪಿಕೊಂಡು, ಅವರು ಬದುಕಿದ್ದಾರೆಂದು ಬರೆದೆ. 'ದುಃಖದಲ್ಲಿ ಸತ್ಯವನ್ನು ನಿರಾಕರಿಸುವುದು ಸಹಜ, ನಾವು ನಿಮ್ಮೊಂದಿಗಿದ್ದೇವೆ' ಎಂದು ತಾವು ಸಾಂತ್ವನ ಹೇಳಿದಿರಿ. ಮೃತರೊಂದಿಗೆ ನಿಮ್ಮ ಸಂಬಂಧವೇನೆಂಬ ತಮ್ಮ ಪ್ರಶ್ನೆಗೆ ಮಗ, ಮಗಳು, ಸ್ನೇಹಿತ, ವಾರಸುದಾರ ಎಂಬ ಉತ್ತರಗಳಿದ್ದವು. ಪಾರ್ವತಿಬಾಯಿಯವರು ಚಷ್ಮಾ ಏರಿಸಿ ಹುಡುಕಿದರೂ 'ಅವರು ನಾನೇ' ಎಂಬುದು ಸಿಗಲಿಲ್ಲ. ಅವರು ಆ ದಿನದ ಪೇಪರು ಹಿಡಿದು ಕುಳಿತ ಫೋಟೋ ಕಳಿಸಿದೆವು. 'ಈ ಮುಖ ದಿವಂಗತರೊಬ್ಬರ ಮುಖಕ್ಕೆ ಹೋಲುತ್ತದೆ' ಎಂದು ತಿರಸ್ಕರಿಸಿದಿರಿ. ಹೊಸ ಪುಟ ತೆರೆದೆವು. ದಿವಂಗತರ ವೇಷ ಧರಿಸಿದ್ದಾರೆಂದು ಅದನ್ನು ಸಂಜೆಯೊಳಗೆ ಅಳಿಸಿದಿರಿ. ಪ್ರತಿ ನವೆಂಬರದಲ್ಲಿ ಪಿಂಚಣಿ ಕಚೇರಿಗೆ ಹೋಗಿ ಹೆಬ್ಬೆಟ್ಟೊತ್ತಿ ಬರುವ ಆ ತಾಯಿ, "ಸರ್ಕಾರಕ್ಕ ಬದಕೀನಿ, ನಿನ್ನ ಫೋನಿಗಷ್ಟ ಸತ್ತೀನಿ. ಸರ್ಕಾರನ ಶಾಣ್ಯಾ ಅನ್ನೂಹಂಗ ಮಾಡಿದ್ಯಲ್ಲೋ ವೈಜನಾಥ!" ಎಂದರು.

ಇಷ್ಟರಲ್ಲಿ ಅವರ ಕೇಳುಗರು ನಾನೂರಾ ಮೂರರಿಂದ ಹನ್ನೊಂದು ಸಾವಿರವಾದರು. ಹೈದರಾಬಾದಿನಿಂದ, ಸೊಲ್ಲಾಪುರದಿಂದ, ದುಬೈಯಿಂದ ಜನ ಬಂದು ಇಂಥ ಕಂಠ ಇನ್ನು ಹುಟ್ಟುವುದಿಲ್ಲ ಎಂದು ಬರೆದರು. ಹಾಡಿದ್ದು ಮರಾಠಿಯೋ ಕನ್ನಡವೋ ಎಂದು ಎರಡು ಬಣಗಳಾಗಿ, ಸತ್ತವರಿಗೆ ಮರ್ಯಾದೆ ಕೊಡಿ ಎಂದು ಪರಸ್ಪರ ತಾಯಿ-ತಂದೆಯರನ್ನು ನೆನೆದರು. ಪಾರ್ವತಿಬಾಯಿಯವರು ಇವೆಲ್ಲವನ್ನೂ ನನ್ನ ಕೈಲಿ ಓದಿಸಿ ಕೇಳಿ, "ಇವರೆಲ್ಲಾ ಎಲ್ಲಿದ್ರೋ? ನಾ ಇದ್ದಾಗ ಒಬ್ಬರೂ ಬರಲಿಲ್ಲಲ್ಲ" ಎಂದರು. 'ಇದ್ದಾಗ' ಎಂದು ಬಾಯಿಂದ ಬಂದದ್ದಕ್ಕೆ ಅವರೇ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಸುದ್ದಿ ತೆಗೆದುಹಾಕೆಂದು ಮಚ್ಚೇಂದ್ರನ ಕಾಲು ಹಿಡಿಯಲು ಹುಮನಾಬಾದಿಗೆ ಹೋದೆ. "ಅಣ್ಣಾರ, ಹಾಕಿದ ಸುದ್ದಿ ತೆಗ್ಯಾಕ ಬರಂಗಿಲ್ರಿ. ಬೇಕಂದ್ರ ಮ್ಯಾಲ ಇನ್ನೊಂದು ಹಾಕ್ತೀನಿ" ಎಂದು ಚಹಾ ಕುಡಿಸಿ ಕಳಿಸಿದ. ಬಸ್ಸು ರಾಜೇಶ್ವರ ದಾಟುವಷ್ಟರಲ್ಲಿ ಹಾಕಿಯೂ ಬಿಟ್ಟ: 'ಸತ್ತ ಅಜ್ಜಿ ಎದ್ದು ಕುಳಿತರೇ? ಕಲ್ಯಾಣದಲ್ಲಿ ಪವಾಡದ ಗುಸುಗುಸು.' ಮರುದಿನ ಬೀದರದಿಂದ ಎರಡು ಜೀಪು ಜನ ತೆಂಗಿನಕಾಯಿ ಹಿಡಿದು ಓಣಿಗೆ ಬಂದರು. ಪಾರ್ವತಿಬಾಯಿಯವರು ಅವರಿಗೂ ರೊಟ್ಟಿ ಹಾಕಿದರು.

ಇಲ್ಲಿಯತನಕ ನಾನು ಸಿಟ್ಟಿನಲ್ಲಿಯೇ ಇದ್ದೆ, ಮಾನ್ಯರೇ. ತಮ್ಮ ಮೇಲೆ, ಮಚ್ಚೇಂದ್ರನ ಮೇಲೆ, ಗುರುನಾಥನ ಒಂದೇ ಚೌಕಟ್ಟಿನ ಮೇಲೆ. ಯಂತ್ರಕ್ಕೆ ಕಾಲಿಲ್ಲ, ನಾಲ್ಕು ಮನೆ ನಡೆದು ಹೋಗಿ ನೋಡುವಷ್ಟು ಬುದ್ಧಿಯಿಲ್ಲ ಎಂದು ಗುಂಪಿನಲ್ಲಿ ಉದ್ದ ಲೇಖನ ಬರೆಯಲು ಕುಳಿತೆ. ಅರ್ಧಕ್ಕೆ ಬಂದಾಗ, ಕಾಲಿದ್ದ ನಾನೂ ಹೋಗಿರಲಿಲ್ಲವೆಂಬುದು ನೆನಪಾಗಿ ಕೈ ನಿಂತಿತು. ಆಗ, ಹತ್ತೊಂಬತ್ತನೆಯ ದಿನ, ವೀರಭದ್ರನ ಧ್ವನಿ ಸಂದೇಶವನ್ನು ತೆರೆದೆ.

ಮೊದಲ ಒಂದು ನಿಮಿಷ, ಅವರನ್ನು ಕರೆದೊಯ್ಯಲು ಆ ಬೆಳಿಗ್ಗೆ ಅವರ ಮನೆಗೆ ಬಂದಿದ್ದ ವೀರಭದ್ರ: ರಾಜೇಶ್ವರದ ಮಹಿಳಾ ಸಂಘದವರು ಇವತ್ತು ದೊಡ್ಡವ್ವಗೆ ಸನ್ಮಾನ ಮಾಡುತ್ತಿದ್ದಾರೆ, ಹನ್ನೆರಡಕ್ಕೆ ಎಲ್ಲರೂ ಬರ್ರಿ, ಊಟ ಅಲ್ಲೇ. ಆಮೇಲೆ ಪಾರ್ವತಿಬಾಯಿಯವರ ಧ್ವನಿ: "ವೈಜನಾಥ ಬಂದ್ರ ಮುಂದ ಕುಂದರಸ್ರಿ. ನನ್ನ ಪದ ಮಂದಿಗಿ ಮುಟ್ಟಿಸಿದಾಂವ ಅವ. ಖರೇ ಅಂದ್ರ ಅವ ಒಂದೂ ಪದ ಪೂರಾ ಕೇಳಿಲ್ಲ, ನನಗ ಗೊತ್ತದ. ಇವತ್ತರೆ ಕೇಳ್ಲಿ. ಹೊಸಾದು ಹಾಡ್ತೀನಿ." ಉಳಿದ ಮೂರು ನಿಮಿಷ ಅವರು ಆ ಪದವನ್ನು ಸಣ್ಣಗೆ ಹಾಡಿಕೊಂಡು ನೋಡಿದ್ದಾರೆ. ತಮ್ಮ ಯಾವ ಪುಟದಲ್ಲೂ ಇಲ್ಲದ ಎಂಬತ್ತೊಂಬತ್ತನೆಯ ಪದ. ಹತ್ತೊಂಬತ್ತು ದಿನ ನನ್ನ ಅಂಗಿಯ ಕಿಸೆಯಲ್ಲಿಯೇ ಇತ್ತು. ನಾನು ಅಂಗಡಿಯ ಕನ್ನಡಿಗಳ ಎದುರು ಕುಳಿತು ಅತ್ತೆ. ಈ ಸಲ ಟಿವಿಯಲ್ಲಿ ಏನೂ ಬಂದಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ: ಒಂದೋ ತಾವು ಹೈದರಾಬಾದಿನ ಬಸ್ಸು ಹತ್ತಿ, ಹುಮನಾಬಾದಿನಲ್ಲಿಳಿದು ಕಲ್ಯಾಣದ ಗಾಡಿ ಹಿಡಿದು, ಖುದ್ದಾಗಿ ಬಂದು ಅವರ ನಾಡಿ ಹಿಡಿದು ನೋಡಬೇಕು, ರೊಟ್ಟಿಯ ವ್ಯವಸ್ಥೆ ಇದೆ. ಇಲ್ಲವೇ ಅವರಿಗೆ ಪುನರ್ಜನ್ಮದ ಪ್ರಮಾಣಪತ್ರವನ್ನಾದರೂ ಕೊಡಬೇಕು. ಎರಡೂ ಆಗದಿದ್ದರೆ, ಬಾಯಿ ಮುಚ್ಚಿದ ಪುಟದ ಮುಂದೆ ಕೂಡ್ರಲು ಅವರಿಗೆ ಪುರುಸೊತ್ತಿಲ್ಲವೆಂದು ತಿಳಿಯಬೇಕು. ಮರಿವು ತಮ್ಮ ಉತ್ತರಕ್ಕೆ ಕಾಯುವುದಿಲ್ಲ. ಈಗ ಹನ್ನೆರಡು ದಿನದಿಂದ ಬೆಳಿಗ್ಗೆ ಆರಕ್ಕೆ ನಾನು ನಾಲ್ಕು ಮನೆ ನಡೆದು ಹೋಗಿ, ನೂರು ಹಾಳೆಯ ನೋಟುಬುಕ್ಕಿನಲ್ಲಿ ಪದ ಬರೆದುಕೊಳ್ಳುತ್ತಿದ್ದೇನೆ. ಪೆನ್ನು ಹಿಂದೆ ಬಿದ್ದರೆ ಅವರು ಬೀಸುಕಲ್ಲು ನಿಲ್ಲಿಸಿ ಕಾಯುತ್ತಾರೆ. ತೊಂಬತ್ಮೂರನೆಯ ಪದದ ಒಂದು ಸಾಲು ಅವರಿಗೆ ನೆನಪಾಗದೆ ಕಣ್ಣಲ್ಲಿ ನೀರು ತಂದುಕೊಂಡಾಗ, ಮೂಲೆಯಲ್ಲಿ ಕುಳಿತಿದ್ದ ಮಹೆಬೂಬ ಅದನ್ನು ಹೇಳಿಕೊಟ್ಟ. ಅವನ ತಾಯಿಯೂ ಅದೇ ಕಲ್ಲಿನಲ್ಲಿ ಬೀಸಿದವರಂತೆ. ಇವತ್ತಿಗೆ ತೊಂಬತ್ತಾರು ಆಗಿವೆ. ನಲವತ್ನಾಲ್ಕು ಉಳಿದಿವೆ. ಹೆಬ್ಬೆರಳು ಒತ್ತಲು ಅಲ್ಲಿ ಏನೂ ಇಲ್ಲದಿರುವುದರಿಂದ ಪೂರಾ ಕೇಳಬೇಕಾಗುತ್ತದೆ.

ಕೈ ಮುಗಿಯುವ ಚಿತ್ರವನ್ನು ಒತ್ತದೆ, ಖುದ್ದು ಎರಡೂ ಕೈ ಮುಗಿದು,

ತಮ್ಮ ವಿಶ್ವಾಸಿ, ಹಾಗೂ ಆಪ್ತ ಮೂಲಗಳು,
ವೈಜನಾಥ
ಬಸವಕಲ್ಯಾಣ

ತಾ.ಕ.: ಕೊಂದವನಿಗೂ ಸಾವಿನ ರುಚಿ ಗೊತ್ತಾಗಲೆಂದು ಪಾರ್ವತಿಬಾಯಿಯವರು ನಿನ್ನೆ ವೀರಭದ್ರನ ಕೈಲಿ ನನ್ನ ಫೋಟೋವನ್ನು ಅದೇ ಚೌಕಟ್ಟಿನಲ್ಲಿ ಗುಂಪಿಗೆ ಹಾಕಿಸಿ, ತಮಗೂ ನನ್ನ ನಿಧನವನ್ನು ತಿಳಿಸಿದರು. ಆರುನೂರಾ ಹನ್ನೆರಡರಲ್ಲಿ ಕೈ ಮುಗಿದವರು ಏಳು ಜನ. ಅದರಲ್ಲಿ ಒಂದು ಮನೀಷಾಳದು. ನಾನು ಎದುರಿಗೆ ಕುಳಿತು ಚಹಾ ಕೇಳುತ್ತಿದ್ದಾಗ ನೋಡದೆ ಒತ್ತಿದ್ದು. ತಮ್ಮಿಂದ 'ಸಾಕಷ್ಟು ದುಃಖ ಕಂಡುಬಂದಿಲ್ಲ, ಆದ್ದರಿಂದ ಮನವಿ ತಿರಸ್ಕರಿಸಲಾಗಿದೆ' ಎಂದು ಉತ್ತರ ಬಂತು. ತಮ್ಮ ಒಂದು ತೀರ್ಪಾದರೂ ಸರಿಯಾಗಿರುವುದಕ್ಕೆ ಅಭಿನಂದನೆಗಳು. ಮನೆಯ ತನಕ ಬಂದವರು ಒಬ್ಬರೇ, ಪಾರ್ವತಿಬಾಯಿ. ಬಾಗಿಲಲ್ಲಿಯೇ ನಿಂತು, "ಸತ್ತೀಯೋ ಇದ್ದೀಯೋ ಅದು ನಿನ್ನ ಫೋನಿಗೇ ಬಿಟ್ಟದ್ದು. ನಾಳಿ ಆರಕ್ಕ ಪದ ಬರ್ಯಾಕ ಬರ್ತೀಯೋ ಇಲ್ಲೋ, ಅದಷ್ಟು ಹೇಳು" ಎಂದರು.