ಗುರ್ರೆನ್ನುವ ಪೆಟ್ಟಿಗೆ ಮತ್ತು ಹಲ್ಲಿನ ಡಾಕ್ಟರು

"ಅರ್ಥ ಆಗದೆ ಒಂದು ತಂತಿಯನ್ನೂ ಬೆಸೆಯೋನಲ್ಲ ನಾನು!" ಹಲ್ಲಿನ ಡಾಕ್ಟರು ಊಟದ ಮೇಜು ಗುದ್ದಿ ಘೋಷಿಸಿದರು. "ಎಕ್ಸ್‌ರೇ ನೋಡದೆ ಯಾರ ಹಲ್ಲಾದ್ರೂ ಕಿತ್ತಿದ್ದೀನಾ?"

ವಿಷಯ ಇಷ್ಟೇ. ಮಗಳು ಗೆಳತಿಯರ ಜೊತೆ ತಂಡ ಕಟ್ಟಿಕೊಂಡು ಗಿಟಾರ್ ನುಡಿಸುತ್ತಿದ್ದಳು. ಕಾಲಲ್ಲಿ ಒತ್ತಿದರೆ ಗಿಟಾರಿನ ಮೆಲುದನಿಯನ್ನು ಹುಲಿಗರ್ಜನೆ ಮಾಡುವ ಪುಟ್ಟ ಪೆಟ್ಟಿಗೆಯೊಂದಿದೆ, ಪೆಡಲ್ ಅಂತ. ಅದು ಕೆಟ್ಟು ಕೂತಿತ್ತು. ಭಾನುವಾರ ಸಂಜೆಯೇ ಅವಳ ಮೊದಲ ಕಾರ್ಯಕ್ರಮ! ಬಿಡಿಭಾಗ ತಂದು ಹೊಸದನ್ನು ತಾನೇ ಜೋಡಿಸಲು ಕೂತವಳ ಕೈಯಿಂದ ಅಪ್ಪ ತಂತಿಜೋಡಣೆಯ ನಕ್ಷೆ ಕಸಿದುಕೊಂಡಿದ್ದರು.

"ಅಪ್ಪಾ, ಇಂಟರ್ನೆಟ್ಟಲ್ಲಿ ಸಿಕ್ಕಿರೋ ನಕ್ಷೆ. ಅದರಲ್ಲಿರೋ ಹಾಗೇ ಜೋಡಿಸಿದ್ರೆ ಸಾಕು."

"ಕಣ್ಮುಚ್ಚಿಕೊಂಡು ಜೋಡಿಸೋದಾ? ಛೆ! ಮೊದಲು ತಿಳುವಳಿಕೆ, ಆಮೇಲೆ ಬೆಸುಗೆ!"

ಶುಕ್ರವಾರವೆಲ್ಲ ಜ್ಞಾನಾರ್ಜನೆ. ಬಾಯಿ ತೆರೆದು ಕೂತ ರೋಗಿಗೆ ಕೆಪಾಸಿಟರಿನ ಮಹಿಮೆ ವಿವರಿಸಿದರು. ರೋಗಿ "ಆ... ಆ..." ಎಂದ. ಅವರ ಮಾತನ್ನು ಮನೆಯಲ್ಲಿ ಯಾರೂ ಇಷ್ಟು ಸಲೀಸಾಗಿ ಒಪ್ಪಿದ್ದಿಲ್ಲ!

ಶನಿವಾರ ಬೆಳಿಗ್ಗೆ ಹೆಂಡತಿ ಅಡುಗೆಮನೆಯಲ್ಲಿ ಅಡ್ಡಗಟ್ಟಿದರು. ಅವರು ಶಾಲೆಯೊಂದರ ಹೆಡ್‌ಮೇಡಂ; ಪ್ರಶ್ನೆ ಕೇಳುವುದು ಅವರ ವೃತ್ತಿ.

"ರೀ, ಒಟ್ಟಿನಲ್ಲಿ ಈ ಪೆಟ್ಟಿಗೆ ಏನು ಮಾಡುತ್ತೆ?"

"ಒಳ್ಳೆ ದನಿಯನ್ನ ಒರಟು ಮಾಡುತ್ತೆ."

"ಅದಕ್ಕೆ ಪೆಟ್ಟಿಗೆ ಯಾಕೆ? ಬೆಳಿಗ್ಗೆ ನೀವು ಗಂಟಲು ಸರಿಮಾಡ್ಕೊಳ್ಳೋದು ಸಾಲ್ದಾ?"

ಡಾಕ್ಟರು ಕೆರಳಿದರು. "ಬಾ ಇಲ್ಲಿ! ಅದರೊಳಗಿರೋ ಟ್ರಾನ್ಸಿಸ್ಟರ್ ಅಂದ್ರೆ ನಲ್ಲಿ ಕಣೇ! ಬೆರಳಲ್ಲಿ ಒಂಚೂರು ತಿರುಗಿಸಿದ್ರೆ ಟ್ಯಾಂಕಿನ ನೀರೆಲ್ಲ ನಮ್ಮ ಮಾತು ಕೇಳುತ್ತೆ. ಗಿಟಾರು ಬೆರಳು, ಬ್ಯಾಟರಿ ಟ್ಯಾಂಕು. ನೋಡು!"

ತಿರುಗಿಸಿದರು. ಇನ್ನೊಂಚೂರು. ಮತ್ತೊಂಚೂರು. ಲಟಕ್! ನಲ್ಲಿಯ ತಲೆ ನಲ್ಲನ ಕೈಗೇ ಬಂತು! ನೀರು ಸೂರಿಗೆ ಚಿಮ್ಮಿತು.

"ನಿಲ್ಲಿಸಿ ಅಂದ್ರೆ ನಿಂತ್ಕೊಂಡಿದ್ದೀರಲ್ರೀ!"

ಡಾಕ್ಟರು ಗಾಬರಿಯಲ್ಲಿ ಪಾತ್ರೆಯ ಮುಚ್ಚಳ ಎತ್ತಿ ಕಾರಂಜಿಗೆ ಅಡ್ಡ ಹಿಡಿದರು. ಚಿಮ್ಮುತ್ತಿದ್ದ ನೀರಿನ ತಲೆ ಚಪ್ಪಟೆಯಾಗಿ ಸುತ್ತಲೂ ಹರಡಿತು. ಹೆಂಡತಿ ತೊಯ್ದು ತೊಪ್ಪೆ! ಆದರೆ ಡಾಕ್ಟರ ಕಣ್ಣು ಫಳಫಳ!

"ಸಿಕ್ತು! ಇದೇ ಡಯೋಡು! ಅಲೆ ಜಾಸ್ತಿ ಎದ್ರೆ ತಲೆ ಸವರಿಬಿಡುತ್ತೆ. ಅದಕ್ಕೇ ಗುರ್ ಅನ್ನೋದು!"

ಅಷ್ಟರಲ್ಲಿ ಮಗಳು ಓಡಿಬಂದು ಟ್ಯಾಂಕಿನ ವಾಲ್ವ್ ಮುಚ್ಚಿದಳು. ಡಾಕ್ಟರು ಮೈಯಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ ನಕ್ಷೆಯತ್ತ ಧಾವಿಸಿದರು. "ಅಲೆ ಮೇಲೂ ಏಳುತ್ತೆ, ಕೆಳಗೂ ಇಳಿಯುತ್ತೆ. ಅಂದ್ಮೇಲೆ ಮೇಲಕ್ಕೊಂದು, ಕೆಳಕ್ಕೊಂದು, ಎರಡು ಡಯೋಡು ಎದುರುಬದುರಾಗಿರಬೇಕು. ಇಲ್ಲಿ ನೋಡು, ಎರಡೂ ಒಂದೇ ಕಡೆ ಮುಖ ಮಾಡಿವೆ! ನಕ್ಷೆಯೇ ತಪ್ಪು!"

ಮಗಳು ಬಗ್ಗಿ ನೋಡಿದಳು. "ಹೌದಲ್ವಾ! ಹೀಗೇ ಜೋಡಿಸಿದ್ರೆ ಹುಲಿ ಅರ್ಧಂಬರ್ಧ ಗರ್ಜಿಸ್ತಿತ್ತು."

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ, ಹಲ್ಲು ನೋಡುವ ದೀಪದ ಕೆಳಗೆ, ಅಪ್ಪ ಇಕ್ಕುಳದಲ್ಲಿ ಹಿಡಿದದ್ದನ್ನು ಮಗಳು ಬೆಸೆದಳು. ಕೊನೆಗೆ ಗಿಟಾರ್ ಸಿಕ್ಕಿಸಿ ಕಾಲಲ್ಲಿ ಒತ್ತಿದಳು. ಗುರ್ರ್‌ರ್! ಕಿಟಕಿಯ ಗಾಜು ನಡುಗಿತು. ಬೆಳಿಗ್ಗೆ ತೊಯ್ದ ತಲೆಯನ್ನು ಇನ್ನೂ ಒರೆಸಿಕೊಳ್ಳುತ್ತಿದ್ದ ಹೆಡ್‌ಮೇಡಂ ಕೂಡ ಚಪ್ಪಾಳೆ ತಟ್ಟಿದರು!

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಪೆಡಲ್ ಗರ್ಜಿಸಿತು, ಡಾಕ್ಟರ ಎದೆ ಉಬ್ಬಿತು. ಹಾಡಿನ ನಡುವೆ ವಾದ್ಯಗಳೆಲ್ಲ ಒಮ್ಮೆಲೇ ನಿಲ್ಲುವ ಗಂಭೀರ ಗಳಿಗೆ ಬಂತು. ಆ ಮೌನದಲ್ಲಿ ಸ್ಪೀಕರಿನಿಂದ ಯಾರದೋ ಗಂಡುದನಿ ಸಾವಧಾನವಾಗಿ ನುಡಿಯಿತು: "ನಾಳೆ ಮೋಡ ಕವಿದ ವಾತಾವರಣ. ಮೀನುಗಾರರು ಕಡಲಿಗೆ ಇಳಿಯಬಾರದು."

ಪೆಡಲ್ ಯಾವುದೋ ರೇಡಿಯೋ ಕೇಂದ್ರದ ದನಿ ಹಿಡಿದಿತ್ತು! ಡಾಕ್ಟರಿಗೆ ಕುರ್ಚಿಯ ಕೆಳಗೆ ನುಸುಳುವಂತಾಯಿತು. "ಇದು ಯಾವ ನಲ್ಲೀಲಿ ಬಂತು?" ಎಂದು ಹೆಂಡತಿ ಕಿವಿಯಲ್ಲಿ ಕೇಳಿದರು. ವೇದಿಕೆಯಲ್ಲಿ ಮಗಳು ಮಾತ್ರ ಎದೆಗುಂದಲಿಲ್ಲ. ಆ ದನಿಯ ಬೆನ್ನಿಗೇ ತಂತಿಯನ್ನು ಎಳೆದೆಳೆದು ಮೀಟಿ ಕಡಲನ್ನೇ ಕೆರಳಿಸಿದಳು. ಜನ ಎದ್ದುನಿಂತು ಶಿಳ್ಳೆ ಹೊಡೆದರು!

ಕಾರ್ಯಕ್ರಮ ಮುಗಿಯಿತೋ ಇಲ್ಲವೋ, ಇನ್ನೊಂದು ತಂಡದ ಗಿಟಾರಿನವನು ಡಾಕ್ಟರನ್ನು ಹುಡುಕಿಕೊಂಡು ಬಂದ. ಡಾಕ್ಟರು ಕೆಮ್ಮಿ, ಟ್ರಾನ್ಸಿಸ್ಟರಿನಿಂದ ವಿವರಣೆ ಆರಂಭಿಸಲು ಸಿದ್ಧರಾದರು. ಅವನು ಕೈಮುಗಿದ.

"ನಮಗೂ ಒಂದು ಮಾಡ್ಕೊಡಿ ಸಾರ್. ಗುರ್ ಅನ್ನೋದೇನೂ ಬೇಡ, ಅದು ಎಲ್ಲರ ಹತ್ರಾನೂ ಇದೆ. ಹವಾಮಾನ ಹೇಳೋದು ಮಾತ್ರ ಇರ್ಲಿ!"