ಯಾವಾಗಲೂ ಇದರಲ್ಲೇ ತೆರೆ

ಆ ಶನಿವಾರ ಮಧ್ಯಾಹ್ನ ಶಿಕಾರಿಪುರದ ನಮ್ಮ ಮನೆಯ ಕಂಪ್ಯೂಟರಿನ ಮುಂದೆ ನಾಲ್ಕು ಜನ ಇದ್ದೆವು. ಮಧ್ಯದಲ್ಲಿ ನಾನು. ಬಲಗಡೆ, ಅಂದರೆ ಮೌಸ್ ಇರುವ ಕಡೆ, ಸೊರಬದ ಬಸ್ಸಿಳಿದು ಬಂದ ಜಡೆ ಊರಿನ ಬೀಗರು ವೀರಭದ್ರಪ್ಪನವರು. ಅವರ ಮಗನಿಗೇ ನನ್ನ ಮಗಳು ಸೌಮ್ಯಳನ್ನು ಕೊಡುತ್ತಿರುವುದು. ಎಡಗಡೆ ಉಡುತಡಿಯ ಮಂಜಪ್ಪ, ನನ್ನ ಹೆಂಡತಿಯ ತಮ್ಮ, ಹುಡುಗಿಗೆ ಸೋದರಮಾವ. ಹಿಂದೆ, ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತವಳು ನನ್ನ ಹೆಂಡತಿ ಶಕುಂತಲಾ. ಸೌಮ್ಯ ಮಾತ್ರ ಇರಲಿಲ್ಲ. ಶಿವಮೊಗ್ಗದಲ್ಲಿ ನರ್ಸ್ ಆಗಿರುವ ಅವಳು ಡ್ಯೂಟಿಯಲ್ಲಿದ್ದಳು. ಡ್ಯೂಟಿಯಲ್ಲಿದ್ದಾಗ ಫೋನ್ ಎತ್ತುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕೋಣೆಯಲ್ಲಿ ಬುದ್ಧಿ ಇರುವವರು ಒಬ್ಬರೂ ಇರಲಿಲ್ಲವೇ ಎಂದು ನೀವು ಆಮೇಲೆ ಕೇಳಬಾರದು.

ನನಗೆ ಸಿಟ್ಟು ಜಾಸ್ತಿ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಊರಿಗೆಲ್ಲ ಗೊತ್ತಿರುವ ವಿಷಯ. ಚಿಕ್ಕವನಿದ್ದಾಗ ನಾನು ಹಾರಾಡಿದರೆ ನಮ್ಮ ಅಜ್ಜಿ, "ಕೋಪದಾಗ ಕುಯ್ದ ಮೂಗು ಶಾಂತಿ ಆದ್ಮ್ಯಾಲೆ ಬರತೈತೇನಲೇ" ಅನ್ನುತ್ತಿದ್ದಳು. ಅಜ್ಜಿಯ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಇದ್ದಿದ್ದರೆ ಮೂಗು ಕುಯ್ಯುವ ಮೊದಲ ಕತ್ತಿಯನ್ನು ಅವಳೇ ಮಸೆದು ಕೊಡುತ್ತಿದ್ದಳು. ಆದರೆ ಈ ಸಿಟ್ಟಿಗೂ ಒಂದು ಗಡಿ ಉಂಟು. ನಮ್ಮ ಕಡೆ ದೇವರನ್ನು ಬೈಯಬಹುದು, ಸರ್ಕಾರವನ್ನು ಬೈಯಬಹುದು, ಬೀಗರನ್ನು ಮಾತ್ರ ಬೈಯುವಂತಿಲ್ಲ. ಹೆಣ್ಣು ಕೊಡುವವನಾದರೆ ಅವರೆದುರು ಕೆಮ್ಮುವುದಕ್ಕೂ ಯೋಚಿಸಬೇಕು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ಬೀಗರ ಮೇಲಿನ ಕೋಪಕ್ಕೆ ನಮ್ಮ ಮನೆಯಲ್ಲಿ ಕೊತ್ತಿಯೂ ಇರಲಿಲ್ಲ.

ತೊಂದರೆ ಏನೆಂದರೆ ಮದುವೆಯ ಪತ್ರಿಕೆ. ಸ್ಕೂಲಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ನನಗೆ ಟೈಪಿಂಗ್ ಬರುತ್ತದೆ ಎಂಬ ಹಮ್ಮು. ಪ್ರೆಸ್ಸಿನವನು ಮಾಡಿಕೊಡುತ್ತೇನೆಂದರೂ ಬೇಡವೆಂದು ನಾನೇ ಮನೆಯಲ್ಲಿ ಕೂತು ಮಾಡಿದ್ದೆ. ಮೇಲೆ ಗಣಪತಿ, ಸುತ್ತ ಬಳ್ಳಿ, ಕೆಳಗೆ ಸುಖಾಗಮನ ಬಯಸುವವರು. ಗಣಪತಿ ಒಂದು ಗಂಟೆಯ ಕೆಲಸ. ಸುಖಾಗಮನ ಬಯಸುವವರಿಗೆ ಮಾತ್ರ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಹಿಡಿಯಿತು. ಯಾರ ಹೆಸರು ಮೇಲೆ, ಯಾರದು ಕೆಳಗೆ? ಬೀಗರ ಮನೆಯಲ್ಲಿ ಅವರಿಗಿಂತ ವಯಸ್ಸಿನಲ್ಲಿ ಚಿಕ್ಕವನಾದ ಒಬ್ಬ ಚಿಕ್ಕಪ್ಪ ಇದ್ದಾನೆ. ವಯಸ್ಸು ನೋಡಿದರೆ ಕೆಳಗೆ ಹೋಗಬೇಕು, ವರಸೆ ನೋಡಿದರೆ ಮೇಲೆ ಬರಬೇಕು. ನಮ್ಮ ಕಡೆ ಮಂಜಪ್ಪ, "ಹುಡ್ಗೀನ ಮಂಟಪಕ್ಕೆ ಕರ್ಕೊಂಡ್ ಬರೋನು ನಾನು. ನನ್ನ ಹೆಸ್ರು ಶಾಮಿಯಾನದೋನ ಮಗ್ಗುಲಾಗ ಹಾಕ್ತೀರೇನು ಭಾವ?" ಎಂದು ಎರಡು ಸಲ ಊಟ ಬಿಟ್ಟು ಎದ್ದುಹೋಗಿದ್ದ. ಕೊನೆಗೆ ಶುಕ್ರವಾರ ಫೋನಿನಲ್ಲೇ ಒಪ್ಪಂದವಾಯಿತು. ಸೋದರಮಾವನ ಹೆಸರಿಗೆ ಎಲ್ಲರ ನೆತ್ತಿಯ ಮೇಲೆ ಹೂವಿನ ಚೌಕಟ್ಟು. ಅದರ ಕೆಳಗೆ ಎರಡು ಕಾಲಂ. ಮೊದಲನೆಯದು ಬೀಗರ ಕಡೆಯದು, ಪಕ್ಕದ್ದು ನಮ್ಮದು. ಅವರ ಸಾಲಿನ ಕೊನೆಯಲ್ಲಿ ಬೀಗರು, ನಮ್ಮ ಸಾಲಿನ ಕೊನೆಯಲ್ಲಿ ನಾನು. ಇಬ್ಬರೂ ಸರಿಸಮ, ಇಬ್ಬರೂ ವಿನಯವಂತರು. ರಾತ್ರಿಯೇ ಟೈಪ್ ಮಾಡಿ ಮುಗಿಸಿದ್ದೆ. ಶನಿವಾರ ಸಂಜೆಯೊಳಗೆ ಪ್ರೆಸ್ಸಿಗೆ ಕೊಟ್ಟರೆ ಸೋಮವಾರ ಬೆಳಿಗ್ಗೆ ಮೊದಲ ಪತ್ರಿಕೆಯನ್ನು ಮನೆದೇವರ ಮುಂದೆ ಇಡಬಹುದು. ಅದು ತಪ್ಪಿದರೆ ಒಳ್ಳೆಯ ದಿನವಿಲ್ಲ ಎಂದು ಸ್ವಾಮಿಗಳು ಹೇಳಿಯಾಗಿತ್ತು.

ಕೊಡುವ ಮುಂಚೆ ಒಂದು ಸಲ ಕಣ್ಣಾಡಿಸಲು ಬೀಗರು ಬಂದಿದ್ದರು. ನಾನು ಕನ್ನಡಕ ತರಲು ಒಳಗೆ ಹೋದೆ. ಅಷ್ಟೇ ನಾನು ಮಾಡಿದ್ದು. ಆ ಕಂಪ್ಯೂಟರ್ ಎಂಬ ಅನಿಷ್ಟ, ಬೆಳಿಗ್ಗೆ ನನ್ನನ್ನು ಒಂದು ಮಾತೂ ಕೇಳದೆ ತನ್ನನ್ನು ತಾನು ಹೊಸದು ಮಾಡಿಕೊಂಡಿತ್ತು. ಬೀಗರು ಪತ್ರಿಕೆಯ ಮೇಲೆ ಒತ್ತಿದ್ದೇ ತಡ, 'ಈ ಫೈಲನ್ನು ಯಾವುದರಲ್ಲಿ ತೆರೆಯಲಿ?' ಎಂದು ಕೇಳಿತಂತೆ. ವರ್ಷಗಟ್ಟಲೆ ನನ್ನ ಕೈಯಲ್ಲಿ ತೆರೆಸಿಕೊಂಡಿದ್ದಕ್ಕೆ ಆವತ್ತು ಬೀಗರನ್ನು ಕಂಡೊಡನೆ ಸಂಶಯ! ಬೀಗರು ಯಾರು ಏನು ಕೇಳಿದರೂ ಇಲ್ಲ ಅನ್ನುವವರಲ್ಲ. ಫೋಟೋ ನೋಡುವ ಪ್ರೋಗ್ರಾಮನ್ನು ತೋರಿಸಿದರು. ಕೆಳಗೆ 'ಯಾವಾಗಲೂ ಇದರಲ್ಲೇ ತೆರೆ' ಎಂದಿದ್ದ ಚೌಕಕ್ಕೂ ಧಾರಾಳವಾಗಿ ಒಂದು ಟಿಕ್ ಹಾಕಿದರು.

ನಾನು ಬಂದು ನೋಡುವಾಗ ಪರದೆ ಕಪ್ಪಗಿತ್ತು. ಈ ಫೈಲನ್ನು ತೆರೆಯಲಾಗದು ಎಂದು ಬರೆದಿತ್ತು.

"ಏನ್ ಒತ್ತಿದ್ರಿ?" ಎಂದೆ, ಆದಷ್ಟು ಮೆಲ್ಲಗೆ.

"ಏನಿಲ್ಲ ಬೀಗ್ರೇ. ಮೇಲ್ಗಡೆ ಗಣಪತಿ ಫೋಟೋ ಇದೆಯಲ್ರೀ. ಫೋಟೋ ಇದ್ದದ್ದನ್ನ ಫೋಟೋದ್ರಲ್ಲೇ ತಾನೇ ತೆಗೀಬೇಕು? ಅದಕ್ಕೆ ತೆಗ್ದೆ."

ಕಂಪ್ಯೂಟರಿನಲ್ಲಿದ್ದ ನನ್ನ ಬರವಣಿಗೆಗಳಿಗೆಲ್ಲ, ಕರೆಂಟಿನವರಿಗೆ ಬರೆದ ತಕರಾರಿನಿಂದ ಹಿಡಿದು ಮಾವನವರ ಶ್ರದ್ಧಾಂಜಲಿಯವರೆಗೆ, ಆ ಫೋಟೋ ಪ್ರೋಗ್ರಾಮಿನ ಗುಡ್ಡದ ಚಿತ್ರವಿರುವ ಒಂದೇ ಮುಖ ಬಂದುಬಿಟ್ಟಿತ್ತು. ಯಾವುದನ್ನು ಒತ್ತಿದರೂ ಅದೇ ಕಪ್ಪು ಪರದೆ. ನನ್ನ ಕಿವಿ ಬಿಸಿಯಾಯಿತು. ಬೇರೆ ಯಾರಾದರೂ ಆಗಿದ್ದರೆ ಓಣಿಯವರೆಲ್ಲ ಬಾಗಿಲಿಗೆ ಬರುವಂತೆ ಕೂಗುತ್ತಿದ್ದೆ. ಈಗ ಹಲ್ಲು ಬಿಟ್ಟು, "ಪರವಾಗಿಲ್ಲ ಬಿಡ್ರಿ" ಎಂದೆ. ಆ ಮಾತು ಗಂಟಲಿನಿಂದ ಹೊರಗೆ ಬರುವಾಗ ನನಗಾದ ಸಂಕಟ ಹೆರಿಗೆಯಾದವರಿಗೇ ಗೊತ್ತು. ಆಮೇಲೆ ಹಿಂದೆ ತಿರುಗಿ ಶಕುಂತಲಾಳಿಗೆ, "ಈ ಕಾಫಿಗೆ ಸಕ್ರಿ ಯಾರ್ ಹಾಕ್ಬೇಕು?" ಎಂದು ಗದರಿದೆ.

"ಕುಡಿದು ಮುಗ್ಸೀರಲ್ರೀ, ಈಗ್ ಕೇಳ್ತೀರಿ?" ಎಂದಳು.

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನೋಡಲು ಬಂದವರೆಲ್ಲ ಒಂದೊಂದು ಕಷಾಯ ಹೇಳಿಹೋಗುವುದು ನಮ್ಮವರ ಪದ್ಧತಿ. ಕಂಪ್ಯೂಟರಿಗೂ ಅದೇ ಉಪಚಾರ ಶುರುವಾಯಿತು. ಕುರಿ ಸಾಕಿರುವ ಮಂಜಪ್ಪ, "ಭಾವ, ಕುರಿಗೆ ಮೇವು ಹಿಡಿಸ್ಲಿಲ್ಲ ಅಂದ್ರ ನಾವು ಒಂದ್ಹೊತ್ತು ಉಪಾಸ ಕೆಡವ್ತೀವಿ. ಬಂದ್ ಮಾಡಿ ಬಿಟ್ಬಿಡ್ರಿ, ತಾನೇ ದಾರಿಗ್ ಬರತೈತಿ" ಎಂದ. ಉಪವಾಸ ಕೆಡವಿದೆವು. ಎದ್ದ ಮೇಲೂ ಗುಡ್ಡವೇ. ಬೀಗರು, "ಇನ್ನೊಂದ್ಸಲ ಒತ್ತಿ ನೋಡ್ಲಾ?" ಎಂದು ಕೈಚಾಚಿದರು. ಮೌಸನ್ನು ನಾನು ಕಳ್ಳ ಬಂದಾಗ ತಾಳಿ ಮುಚ್ಚಿಕೊಳ್ಳುವವರ ಹಾಗೆ ಮುಚ್ಚಿಕೊಂಡೆ. ಅಷ್ಟರಲ್ಲಿ ಪ್ರೆಸ್ಸಿನವನ ಫೋನು: "ಅಂಕಲ್, ಐದಕ್ಕ ಶಟರ್ ಎಳೀತೀನಿ. ನಾಳೆ ಪ್ರಿಂಟಿಂಗ್ ಅಷ್ಟೇ, ಡಿಸೈನ್ ತಗೊಳಲ್ಲ."

ಆಗ ನಾಲ್ಕು ಗಂಟೆ. ಪತ್ರಿಕೆ ಹಾಳಾಗಿಹೋಯಿತು ಎಂದೇ ನಾವೆಲ್ಲ ತೀರ್ಮಾನಿಸಿದೆವು. "ಹೊಸ್ದಾಗಿ ಬರ್ದ್ರಾತು, ತಗೊಳ್ರಿ" ಎಂದು ಮಂಜಪ್ಪ ಫೋನ್ ತೆಗೆದ. ಹಿಂದಿನ ಕರಡುಗಳನ್ನು ನಾನು ಎಲ್ಲರ ಫೋನಿಗೂ ಕಳಿಸುತ್ತಿದ್ದೆನಲ್ಲ, ಒಬ್ಬೊಬ್ಬರು ತಮಗೆ ಬೇಕಾದ್ದನ್ನು ಮಾತ್ರ ಇಟ್ಟುಕೊಂಡಿದ್ದರು. ಮಂಜಪ್ಪನ ಫೋನಿನ ಪತ್ರಿಕೆಯಲ್ಲಿ ಅವನ ಹೆಸರಿನ ಹಿಂದೆ 'ಕುರಿ ಸಾಕಾಣಿಕೆದಾರರು, ಸಮಾಜ ಸೇವಕರು' ಎಂದಿತ್ತು. ಬೀಗರ ಫೋನಿನದರಲ್ಲಿ ಚಿಕ್ಕಪ್ಪ ಎಂಬವನು ಹುಟ್ಟಿಯೇ ಇರಲಿಲ್ಲ.

"ಇದೇ ಫೈನಲ್ ಅಂತ ನೀವೇ ಅಂದಿದ್ರಿ ಬೀಗ್ರೇ" ಎಂದರು ಅವರು.

"ಅದು ಹಳೇದ್ರಿ. ಚೌಕಟ್ಟು ಎಲ್ಲೈತಿ ಅದ್ರಾಗ?" ಎಂದ ಮಂಜಪ್ಪ.

"ಚೌಕಟ್ಟು ಒಬ್ರಿಗೇ ಯಾಕಪ್ಪ? ನಮ್ಮ ಮನೇಲೂ ಸೋದರಮಾವ ಇದ್ದಾರೆ."

"ನಿಮ್ಮ ಸೋದರಮಾವ ಏನ್ ಹುಡುಗುನ್ನ ಎತ್ಕೊಂಡ್ ಬರ್ತಾನೇನ್ರಿ?"

ಇಬ್ಬರೂ ನನ್ನ ತಲೆಯ ಮೇಲಿಂದ ಮಾತಾಡುತ್ತಿದ್ದರು. ಹಾಗೆ ಮಾತಾಡುತ್ತಲೇ ಬೀಗರ ಬಲಗೈ ಮೆಲ್ಲಗೆ ಬಂದು ಮತ್ತೆ ಮೌಸಿನ ಮೇಲೆ ಕೂತಿತು.

"ಮುಟ್ಬ್ಯಾಡ್ರಿ!" ಎಂದು ಕಿರುಚಿದೆ. "ಕೈ ತೆಗೀರಿ! ಮುಟ್ಟಿ ಮುಟ್ಟಿಯೇ ಇಷ್ಟು ಆಗಿರೋದು! ಯಾರ್ ಹೆಸ್ರೂ ಬ್ಯಾಡ, ಯಾರ್ ಚೌಕಟ್ಟೂ ಬ್ಯಾಡ!"

ಬೀಗರು ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. ಟವೆಲ್ ಸರಿಮಾಡಿಕೊಳ್ಳುವುದೆಂದರೆ ಏಳುವ ಲಕ್ಷಣ. ಶಕುಂತಲಾಳ ಬೆರಳುಗಳು ಕುರ್ಚಿ ಬಿಟ್ಟು ನನ್ನ ಭುಜದೊಳಗೆ ಇಳಿದವು. ಮಗಳ ಮದುವೆ ನನ್ನ ಬಾಯಿಂದ ಮುರಿಯಿತು ಎಂದು ನನಗೂ ಗೊತ್ತಾಯಿತು. ಗೊತ್ತಾದರೇನು, ಸಿಟ್ಟು ಎಂಬ ಎತ್ತು ಇಳಿಜಾರಿನಲ್ಲಿತ್ತು. ಬರೆಯುವ ಪ್ರೋಗ್ರಾಮನ್ನೇ ನೇರ ತೆರೆದು, ಕೀಲಿಗಳು ಕಿತ್ತುಬರುವಂತೆ ಕುಟ್ಟಿ, ಹೊಸ ಪತ್ರಿಕೆ ಬರೆದು ಮುಗಿಸಿದೆ. ಉಳಿಸಲು ಹೋದಾಗ ಸಣ್ಣದೊಂದು ಕಿಟಕಿ ತೆರೆಯಿತು. ಅದರಲ್ಲಿ ನನ್ನ ಹಳೆಯ ಬರವಣಿಗೆಗಳ ಹೆಸರೆಲ್ಲ ಸಾಲಾಗಿ ಕೂತಿದ್ದವು.

"ರೀ, ನಿನ್ನೇದು ಅಲ್ಲೇ ಐತಲ್ರೀ" ಎಂದಳು ಶಕುಂತಲಾ. "ಇದರಾಗಿಂದನೇ ತೆಗೀರಿ ಅದನ್ನ."

ತೆಗೆದೆ. ಗಣಪತಿ, ಬಳ್ಳಿ, ಚೌಕಟ್ಟು, ಎರಡು ಕಾಲಂ, ಚಿಕ್ಕಪ್ಪ, ಒಂದಕ್ಷರ ಮುಕ್ಕಾಗದೆ ಎದ್ದು ಬಂತು. ಪತ್ರಿಕೆಗೆ ಏನೂ ಆಗಿರಲೇ ಇಲ್ಲ. ಯಾವುದು ಯಾರ ಕೈಯಲ್ಲಿ ತೆರೆಯಬೇಕು ಎಂಬ ವರಸೆ ಮಾತ್ರ ತಪ್ಪಿತ್ತು. ಬೀಗರ ಕೈ ಇನ್ನೂ ಟವೆಲಿನ ಮೇಲೇ ಇತ್ತು. ಆಗ ಶಕುಂತಲಾ ಬಗ್ಗಿ, ನಾನು ಸಿಟ್ಟಿನಲ್ಲಿ ಕುಟ್ಟಿದ್ದ ಹೊಸ ಪತ್ರಿಕೆಯನ್ನು ಗಟ್ಟಿಯಾಗಿ ಓದಿದಳು: "ನಮ್ಮ ಮನೆಯಲ್ಲಿ ಮದುವೆ ಇದೆ. ಬನ್ನಿ, ಊಟ ಮಾಡಿ, ಹೋಗಿ. ಇಂತಿ, ಬಿ. ಚನ್ನಬಸಪ್ಪ, ನಿವೃತ್ತ ಗುಮಾಸ್ತರು."

ಆಮೇಲೆ, "ಹುಡುಗ-ಹುಡ್ಗಿ ಹೆಸ್ರೇ ಇಲ್ಲಲ್ರೀ. ಇರೋ ಹೆಸ್ರು ನಿಮ್ದೊಂದೇ. ಓದಿದೋರು ಮದ್ವಿ ನಿಮ್ದೇ ಅಂತಾರ" ಎಂದಳು.

ಬೀಗರ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಅವರು ನಕ್ಕ ನಗೆಗೆ ಕಣ್ಣಲ್ಲಿ ನೀರು ಬಂದು ಅದೇ ಟವೆಲಿನಿಂದ ಒರೆಸಿಕೊಂಡರು. "ಅಕ್ಕಾರೇ, ಹೆಣ್ಣು ಎಲ್ಲಿಯದು ಅಂತ ಕೇಳಿ ಅವ್ರನ್ನ. ನಾವೂ ದಿಬ್ಬಣ ತರ್ತೀವಿ" ಎಂದರು. ಮಂಜಪ್ಪ ನೆಲಕ್ಕೆ ಕೂತು ನಕ್ಕ. ನಾನು ನಗಲಿಲ್ಲ. ನನಗೆ ಇನ್ನೂ ಸಿಟ್ಟಿತ್ತು. ಈಗ ಯಾರ ಮೇಲೆ ಎಂಬುದು ಮಾತ್ರ ತಿಳಿಯಲಿಲ್ಲ.

ಐದಕ್ಕೆ ಮೊದಲೇ ಪೆನ್ ಡ್ರೈವ್ ಪ್ರೆಸ್ಸಿಗೆ ಮುಟ್ಟಿಸಿದೆ. ಡ್ಯೂಟಿ ಮುಗಿಸಿದ ಸೌಮ್ಯ ಫೋನ್ ಮಾಡಿ, ನಡೆದದ್ದನ್ನೆಲ್ಲ ಕೇಳಿ, "ಅಪ್ಪಾ, ಫೈಲ್ ಮೇಲೆ ಬಲಗಡೆ ಬಟನ್ ಒತ್ತು, ಓಪನ್ ವಿತ್ ಅಂತ ಬರತ್ತೆ, ಬರೆಯೋ ಪ್ರೋಗ್ರಾಮ್ ತೋರಿಸಿ ಯಾವಾಗಲೂ ಅಂತ ಟಿಕ್ ಹಾಕು, ಅಷ್ಟೇ" ಎಂದಳು. ಅಷ್ಟೇ ಎಂಬ ಮಾತಿಗೆ ಅವಳನ್ನೂ ಸ್ವಲ್ಪ ಬೈದು, ಹೇಳಿದಂತೆ ಮಾಡಿದೆ. ಗುಡ್ಡಗಳೆಲ್ಲ ಹೋಗಿ ಹಳೆಯ ಮುಖಗಳು ಬಂದವು.

ಭಾನುವಾರ ಸಂಜೆ ಪತ್ರಿಕೆಗಳ ಕಟ್ಟು ಬಂತು. ಪ್ರೆಸ್ಸಿನವನ ಕಂಪ್ಯೂಟರ್ ಅದನ್ನು ತನಗೆ ತಿಳಿದಂತೆ ತೆರೆದುಕೊಂಡಿತ್ತು. ಎರಡು ಕಾಲಂ ಕರಗಿ ಒಂದಾಗಿದ್ದವು. ಮೊದಲು ಬೀಗರ ಕಡೆಯವರೆಲ್ಲ, ಅವರ ಕೆಳಗೆ ನಮ್ಮವರೆಲ್ಲ, ಎಲ್ಲರಿಗಿಂತ ಕೆಳಗೆ ನಾನು. ಶನಿವಾರ ರಾತ್ರಿ ನಮ್ಮಲ್ಲೇ ಉಳಿದಿದ್ದ ಬೀಗರು ತಮ್ಮ ಹೆಸರು ಹುಡುಕಿ, ಚಿಕ್ಕಪ್ಪನದನ್ನೂ ಹುಡುಕಿ, "ಬಹಳ ಚಂದ ಬಂದಿದೆ" ಎಂದು ಒಂದು ಕಟ್ಟು ಚೀಲಕ್ಕೆ ಹಾಕಿಕೊಂಡು ಸೊರಬದ ಬಸ್ಸು ಹತ್ತಿದರು. ಮಂಜಪ್ಪ ಚೌಕಟ್ಟನ್ನು ಬೆರಳಿನಿಂದ ಸವರಿ ನೋಡಿ ಉಡುತಡಿಗೆ ಹೋದ. ಮೇಲೆ ಯಾರು, ಕೆಳಗೆ ಯಾರು ಎಂದು ಎಣಿಸಿದವನು ನಾನೊಬ್ಬನೇ.

ಸೋಮವಾರ ಬೆಳಿಗ್ಗೆ ಶಕುಂತಲಾ ಮೊದಲ ಪತ್ರಿಕೆಯನ್ನು ದೇವರ ಮುಂದೆ ಹರಡಿ, ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದಳು. ಕೆಳಗಿನ ಮೂಲೆಗೆ ಹಚ್ಚಿದ್ದು ಸ್ವಲ್ಪ ಜಾಸ್ತಿಯಾಗಿ ನನ್ನ ಹೆಸರು ಮುಚ್ಚಿಹೋಯಿತು. ಇಬ್ಬರೂ ಕೈಮುಗಿದೆವು.