ನಸರಿ ಜೇನಿಗೆ ನೀಲಿ ಪಾನಕ

ಸೊಳ್ಳೆಯಷ್ಟು ಗಾತ್ರದ, ಕುಟುಕಲೂ ಬಾರದ ನಸರಿ ಜೇನಿಗೆ ಊಟ ಹಾಕುವುದು ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಓದಿದವನಿಗೆ ಕಷ್ಟವೇ? ಕೇಳಿದವರಿಗೆಲ್ಲ ನಾನು ಹೀಗೇ ಹೇಳುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ!

ಜೇನು ನನ್ನ ಹೆಂಡತಿ ಸರೋಜಳದು. ಅಗಳಿಯ ಅವಳ ತವರಿನಲ್ಲಿ ಹಳೇ ಮಣ್ಣುಗೋಡೆ ಕೆಡವಿದಾಗ, ಅದರೊಳಗಿದ್ದ ಗೂಡನ್ನು ಮಡಕೆಗೆ ಇಳಿಸಿ, ಬಾಯಿಗೆ ಬಟ್ಟೆ ಕಟ್ಟಿ, ನಾವಿರುವ ರಾಯದುರ್ಗದವರೆಗೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಬೇಸಿಗೆಯಲ್ಲಿ ಬೇವಿನ ಹೂವೂ ಮುಗಿದು ಜೇನು ದಿನೇದಿನೇ ಕಡಿಮೆಯಾದವು. ಮನೆಯಲ್ಲೇ ಜೀನ್ಸ್ ಹೊಲಿಯುವ ಅವಳು ಆಗಾಗ ಮಿಷನ್ ನಿಲ್ಲಿಸಿ ಮಡಕೆಗೆ ಕಿವಿ ಹಚ್ಚುತ್ತಿದ್ದಳು.

"ಸದ್ದೇ ಇಲ್ಲ ಕಣ್ರೀ," ಎಂದಾಗ ಅವಳ ದನಿ ಒಡೆದಿತ್ತು.

"ನಾನಿದ್ದೇನಲ್ಲ!" ಎಂದೆ.

ಸಕ್ಕರೆ ಒಂದು ಪಾಲು, ನೀರು ಒಂದು ಪಾಲು ಎಂದು ನಮ್ಮ ಪ್ರಾಧ್ಯಾಪಕರು ಹೇಳಿದ್ದು ಸ್ಪಷ್ಟವಾಗಿ ನೆನಪಿತ್ತು. ಅಥವಾ ಎರಡು ಪಾಲೋ? ಆ ದಿನ ನಾನು ತರಗತಿಗೆ ಹೋಗಿದ್ದೆನೇ ಎಂಬುದೂ ಅನುಮಾನ. ಇರಲಿ. ತಟ್ಟೆ ತುಂಬ ಪಾಕ ಸುರಿದು ಮಡಕೆಯ ಮುಂದಿಟ್ಟೆ. ಅರ್ಧ ಗಂಟೆಯಲ್ಲಿ ಏಳು ಜೇನು ತೇಲುತ್ತಿದ್ದವು.

"ಊಟ ಇಕ್ತಿದೀರೋ, ಈಜು ಕಲಿಸ್ತಿದೀರೋ?" ಎಂದಳು ಸರೋಜ, ಒಂದೊಂದನ್ನೇ ಕಡ್ಡಿಯಿಂದ ಎತ್ತುತ್ತ. ಐದು ಬದುಕಿದವು.

ಎರಡನೇ ಪ್ರಯೋಗವನ್ನು ಸಂಪೂರ್ಣ ವೈಜ್ಞಾನಿಕವಾಗಿ ರೂಪಿಸಲಾಯಿತು. ಔಷಧಿ ಬಾಟಲಿಗೆ ಪಾಕ ತುಂಬಿ, ಮುಚ್ಚಳಕ್ಕೆ ತೂತು ಕೊರೆದು, ಬತ್ತಿ ಸಿಕ್ಕಿಸಿ, ಮಡಕೆಯ ಮೇಲಿನ ಗೋಡೆಗೆ ತಲೆಕೆಳಗಾಗಿ ತೂಗುಹಾಕುವುದು. ಜೇನು ಬತ್ತಿಯಿಂದ ಹೀರುವುದು. ಬತ್ತಿಗೆ ಬಟ್ಟೆ ಬೇಕೇ? ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ರಾಯದುರ್ಗದಲ್ಲಿ ಅದಕ್ಕೇನು ಬರ! ಮಿಷನ್ ಕೆಳಗೆ ಬಿದ್ದಿದ್ದ ಹೊಚ್ಚಹೊಸ ಜೀನ್ಸ್ ಚೂರೊಂದನ್ನು ಸುತ್ತಿ ತುರುಕಿದೆ.

ಸಂಜೆಗೆ ಪಾಕ ಶಾಯಿಯಾಗಿತ್ತು! ಗೋಡೆಯ ಮೇಲೆಲ್ಲ ನೀಲಿ ಧಾರೆ. ಅದರ ಜಾಡು ಹಿಡಿದು ಇರುವೆಗಳ ಮೆರವಣಿಗೆ, ನೇರ ಮಡಕೆಯ ಬಾಯಿಗೆ.

ಪಕ್ಕದ ಮನೆಯ ಗಂಗಕ್ಕ ಇಣುಕಿದರು. "ಏನ್ರಿ ಸರ, ಜೇನಿಗೂ ಜೀನ್ಸ್ ತೊಡಸಾಕ ಹತ್ತೀರೇನ್ರಿ?"

"ಒಗೀದಿರೋ ಜೀನ್ಸು ಬಣ್ಣ ಬಿಡ್ತೈತೆ ಅಂತ ಈ ಊರಲ್ಲಿ ಕೂಸಿಗೂ ಗೊತ್ತು!" ಎನ್ನುತ್ತ ಸರೋಜ ನನ್ನನ್ನು ಪಕ್ಕಕ್ಕೆ ಸರಿಸಿದಳು.

ಮುಂದಿನದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇರುವೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಮಡಕೆಯನ್ನು ಸ್ಟೂಲಿನ ಮೇಲೇರಿಸಿ, ಸ್ಟೂಲಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದಳು. ತೂತಿಲ್ಲದ ಬೇರೊಂದು ಮುಚ್ಚಳದಲ್ಲಿ ಹೊಸದಾಗಿ ಕಲಸಿದ ನಾಲ್ಕೇ ಹನಿ ಪಾಕ. ಅದರ ಮೇಲೆ ಜೇನು ಕೂರಲು ಪೊರಕೆ ಕಡ್ಡಿಯ ಚೂರುಗಳ ತೆಪ್ಪ. ಅಷ್ಟೇ! ಜೇಬು ಹೊಲಿದಷ್ಟು ಸಲೀಸಾಗಿ, ಯಾವ ಪ್ರಾಧ್ಯಾಪಕರನ್ನೂ ನೆನೆಯದೆ.

ಒಂದು ಜೇನು ಬಂತು. ಕಡ್ಡಿಯ ಮೇಲೆ ಕೂತಿತು. ಕುಡಿಯಿತು. ಕಾಕತಾಳೀಯವಿರಬಹುದು ಎಂದೆ. ವಾರದೊಳಗೆ ಮಡಕೆಯ ಬಾಯಲ್ಲಿ ಸಂತೆ ನೆರೆದಿತ್ತು. ಒಳಗಿನ ಗುಂಯ್ ಸದ್ದು ಕೇಳಿ ಸರೋಜ ಕಣ್ಣು ಮುಚ್ಚಿ ನಕ್ಕಳು. ಅದಕ್ಕೆ ಮಾತ್ರ ನಾನು ಪುರಾವೆ ಕೇಳಲಿಲ್ಲ.

ಮೊನ್ನೆ ಗಂಗಕ್ಕ ಬಂದರು. "ನಮ್ಮ ಗೋಡ್ಯಾಗೂ ನಸರಿ ಕುಂತಾವ್ರಿ. ಉಣಸೋದು ಹೆಂಗ, ಹೇಳ್ರಿ."

"ಇವ್ರನ್ನೇ ಕೇಳಿ ಅಕ್ಕ," ಎಂದಳು ಸರೋಜ, ಮಿಷನ್ ತುಳಿಯುತ್ತ. "ಏನೇನು ಮಾಡಬಾರದು ಅಂತ ಇವರಷ್ಟು ತಿಳ್ದೋರು ಯಾರೂ ಇಲ್ಲ."

ನಾನು ಕುರ್ಚಿ ಎಳೆದುಕೊಂಡು, ಗಂಟಲು ಸರಿಪಡಿಸಿಕೊಂಡು ಶುರು ಮಾಡಿದೆ. ಹೇಳಲು ಬೇಕಾದಷ್ಟಿತ್ತು!